ನಾಲ್ಕೂ ಮಿಣುಕಿದರೆ ಸೀದಾ

2025ರ ಫೆಬ್ರವರಿ 11, ಮಂಗಳವಾರ, ಸಂಜೆ 5 ಗಂಟೆ 35 ನಿಮಿಷ. ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಮೇಲಿರುವ ಕಲ್ಲುಕಟ್ಟೆ ಠಾಣೆಯ ಮೆಟ್ಟಿಲನ್ನು ಕಿರಣ ನಾಯ್ಕ ಓಡುತ್ತಲೇ ಹತ್ತಿದ. ಕೈಗೆ ಮೆತ್ತಿದ ಗ್ರೀಸು ಹಾಗೆಯೇ ಇತ್ತು. ಠಾಣೆಗೆ ಅವನು ಹೊಸಬನಲ್ಲ. ಕ್ರಾಸಿನ ಹತ್ತಿರ ಅವನ ಗ್ಯಾರೇಜು. ಇಲಾಖೆಯ ಬೈಕಿನ ಚೈನು ಸಡಿಲಾದರೂ, ಜೀಪು ಸ್ಟಾರ್ಟ್ ಆಗದಿದ್ದರೂ ಕರೆಯುವುದು ಅವನನ್ನೇ. ಅದಕ್ಕೇ ಬಾಗಿಲಲ್ಲಿದ್ದ ಹವಾಲ್ದಾರ್ ತಿಮ್ಮಣ್ಣ ನಗುತ್ತ, "ಇವತ್ತು ಯಾರು ಕರೆದರೋ ನಿನ್ನ?" ಎಂದ.

"ಭಾವನಿಗೆ ವ್ಯಾನ್ ಹೊಡೀತು."

ತಿಮ್ಮಣ್ಣನ ನಗು ನಿಂತಿತು.

ಕಿರಣ ಹೇಳಿದ್ದನ್ನು ಕಾನ್‌ಸ್ಟೇಬಲ್ ರಕ್ಷಿತಾ ಬರೆದುಕೊಂಡಳು. ಅಕ್ಕ ದಿವ್ಯಾಳ ಗಂಡ ವಿಶ್ವೇಶ್ವರ ನಾಯ್ಕ, 36 ವರ್ಷ, ನಂದೊಳ್ಳಿಯವ. ಗಿರಣಿಯಲ್ಲಿ ಅಕ್ಕಿ ಹಿಟ್ಟು ಮಾಡಿಸಿಕೊಂಡು ಬೈಕಿನಲ್ಲಿ ಮನೆಗೆ ಹೋಗುತ್ತಿದ್ದ. ಕಲ್ಲುಕಟ್ಟೆ ಕ್ರಾಸಿನಲ್ಲಿ ಬಲಕ್ಕೆ ತಿರುಗುವಾಗ ಹಿಂದಿನಿಂದ ಬಂದ ವ್ಯಾನು ಹೊಡೆದಿದೆ. ಆಂಬುಲೆನ್ಸ್ ಶಿರಸಿಗೆ ಹೋಗಿದೆ.

"ಬಲಕ್ಕೆ ಸಿಗ್ನಲ್ ಹಾಕಿಯೇ ತಿರುಗಿದ್ದ, ಅದನ್ನ ಬರ್ಕೊಳಿ ಮೇಡಂ."

"ನೀನು ನೋಡಿದ್ಯಾ?"

"ಇಲ್ಲ. ಸಪ್ಪಳ ಕೇಳಿ ಓಡಿ ಹೋದೆ. ಆದ್ರೆ ಭಾವ ಸಿಗ್ನಲ್ ಹಾಕದೆ ತಿರುಗೂದಿಲ್ಲ."

ಅವನು ಸಹಿ ಮಾಡಿದ ಜಾಗದಲ್ಲಿ ಗ್ರೀಸಿನ ಬೆರಳು ಮೂಡಿತು. ಶಿರಸಿಯ ಆಸ್ಪತ್ರೆ ಮುಟ್ಟುವ ಮೊದಲೇ ವಿಶ್ವೇಶ್ವರ ಹೋಗಿದ್ದಾನೆ ಎಂದು ಫೋನು ಬಂದಾಗ ಕಿರಣ ಇನ್ನೂ ಅದೇ ಕುರ್ಚಿಯಲ್ಲಿದ್ದ. ಅಪರಾಧ ಸಂಖ್ಯೆ 14/2025, ಭಾರತೀಯ ನ್ಯಾಯ ಸಂಹಿತೆ ಕಲಂ 281, 106(1) ಅಡಿಯಲ್ಲಿ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ಅದರಿಂದ ಸಾವು.

ಸ್ಥಳಕ್ಕೆ ಹೋದದ್ದು 5 ಗಂಟೆ 55ಕ್ಕೆ. ಇನ್ನೂ ಬೆಳಕಿತ್ತು. ಪಿಎಸ್‌ಐ ವೈಭವ ಮಂಡ್ಯ ಕಡೆಯವರು, ಈ ಕಡೆಗೆ ಬಂದು ಐದು ತಿಂಗಳಾಗಿತ್ತು. ಅವರು ವ್ಯಾನಿನ ಚಾಲಕನನ್ನು ವಿಚಾರಿಸಲು ನಿಂತರು. ಪಂಚರ ಮುಂದೆ ಅಳತೆ ಹಿಡಿದು ಪಂಚನಾಮೆ ಬರೆಯುವ ಕೆಲಸ ರಕ್ಷಿತಾಳದು.

ಟಾರು ರಸ್ತೆಯ ಮೇಲೆ ಆರು ಅಡಿ ಉದ್ದಕ್ಕೆ ಅಕ್ಕಿ ಹಿಟ್ಟು ಚೆಲ್ಲಿತ್ತು. ನುಗ್ಗಾದ ಡಬ್ಬ ಚರಂಡಿಯಲ್ಲಿತ್ತು. ರಕ್ಷಿತಾ ಮಂಡಿಯೂರಿ ಹಿಟ್ಟಿನಲ್ಲಿ ಬೆರಳಾಡಿಸಿ ಸಿಕ್ಕಿದ್ದನ್ನೆಲ್ಲ ಹೆಕ್ಕಿದಳು. ಕನ್ನಡಿಯ ಎರಡು ಚೂರು. ಒಂದು ಗುಂಡಿ. ಎರಡು ಬೆರಳಗಲದ ಕಪ್ಪು ಪ್ಲಾಸ್ಟಿಕ್ಕಿನ ತುಂಡು. ಒಳಗೆ ಸಾಸಿವೆಯಷ್ಟು ದೊಡ್ಡ ಹಳದಿ ಚುಕ್ಕೆಗಳ ಸಾಲು. ಅದು ಏನೆಂದು ಅವಳಿಗೆ ತಿಳಿಯಲಿಲ್ಲ. 'ವಾಹನದ ಕಪ್ಪು ಬಣ್ಣದ ಬಿಡಿಭಾಗ, ಒಂದು' ಎಂದು ಬರೆದು ಲಕೋಟೆಗೆ ಹಾಕಿ ಅರಗು ಹಚ್ಚಿದಳು. ಗೊತ್ತಿಲ್ಲದ್ದಕ್ಕೆ ಹೆಸರು ಇಡಬಾರದು, ಕಂಡಷ್ಟೇ ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಚಾಲಕ ಅಂದಾನಪ್ಪ ಓಡಿಹೋಗಿರಲಿಲ್ಲ. ವ್ಯಾನಿನ ಗಾಲಿಗೆ ಬೆನ್ನು ಕೊಟ್ಟು ಕೂತಿದ್ದ. ಹಾವೇರಿ ಕಡೆಯವನು, ಯಲ್ಲಾಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೇಕರಿ ಸಾಮಾನಿನ ವ್ಯಾನು ಓಡಿಸುತ್ತಿದ್ದ.

"ಬಲಕ್ಕೆ ತಿರುಗೋನನ್ನ ಬಲಗಡೆಯಿಂದ ಯಾಕಪ್ಪ ಓವರ್‌ಟೇಕ್ ಮಾಡ್ದೆ?" ಎಂದು ಕೇಳಿದರು ವೈಭವ.

"ಬಲಕ್ಕ ಅಂತ ತೋರಿಸಲಿಲ್ರೀ ಸಾಹೇಬ್ರ. ನಾಕೂ ಇಂಡಿಕೇಟರ್ ಬಡಕೋತಿದ್ವು. ನಾಕೂ ಬಡದ್ರ ಸೀದಾ ಹೊಂಟಾನ ಅಂತ ಅಲ್ರೀ?"

"ಯಾವ ಕಾನೂನಲ್ಲಿದೆ?"

ಕಾನೂನಿನಲ್ಲಿ ಇಲ್ಲ ನಿಜ. ಆದರೆ ಈ ರಸ್ತೆಯಲ್ಲಿ ಗಾಡಿ ಓಡಿಸುವ ಎಲ್ಲರೂ ಸರ್ಕಲ್ಲಿಗೆ ಬಂದಾಗ ಸೀದಾ ಹೋಗುವುದಿದ್ದರೆ ನಾಲ್ಕನ್ನೂ ಹಾಕುತ್ತಾರೆ, ಹಾಕಿದವನನ್ನು ಉಳಿದವರು ಹಾಗೆಯೇ ತಿಳಿಯುತ್ತಾರೆ. ಅಂದಾನಪ್ಪ ಇನ್ನೇನೋ ಹೇಳಿದ, ಪಿಎಸ್‌ಐ ರೇಗಿದರು. ಅಳತೆ ಟೇಪಿನ ಇನ್ನೊಂದು ತುದಿಯಲ್ಲಿದ್ದ ರಕ್ಷಿತಾಳಿಗೆ ಆ ಮಾತು ಕೇಳಿಸಲಿಲ್ಲ.

ಬೈಕನ್ನೂ ವ್ಯಾನನ್ನೂ ತಂದು ಠಾಣೆಯ ಹಿಂದಿನ ತಗಡಿನ ಚಪ್ಪರದಲ್ಲಿ ನಿಲ್ಲಿಸಿದರು.

ಫೆಬ್ರವರಿ 17, ಸೋಮವಾರ. ಮೋಟಾರು ವಾಹನ ನಿರೀಕ್ಷಕರು ಬಂದು ಎರಡೂ ಗಾಡಿ ಪರೀಕ್ಷಿಸಿದರು. ಬೈಕಿನ ಹಿಂದಿನ ಬಲ ಇಂಡಿಕೇಟರಿನ ಕೇಸರಿ ಗಾಜು ಒಡೆದಿತ್ತು, ಉಳಿದ ಮೂರು ಸರಿಯಿದ್ದವು. ಬ್ಯಾಟರಿ ಜೋಡಿಸಿ ನೋಡಿದರೆ ಎಡಕ್ಕೆ ಹಾಕಿದರೆ ಎಡದ ಎರಡು, ಬಲಕ್ಕೆ ಹಾಕಿದರೆ ಬಲದ ಮುಂದಿನದು ಮಿಣುಕಿತು.

"ನಾಲ್ಕೂ ಒಟ್ಟಿಗೆ ಹತ್ತುತ್ತಾ ಸರ್?" ಎಂದು ವೈಭವ ಕೇಳಿದರು.

"ಈ ಗಾಡಿಗೆ ಆ ಸ್ವಿಚ್ಚೇ ಇಲ್ಲ. ನಿಮ್ಮ ಚಾಲಕ ಕತೆ ಕಟ್ತಿದ್ದಾನೆ."

ವರದಿ ಬಂತು. ತಿಂಗಳ ಕೊನೆಗೆ ಆರೋಪಪಟ್ಟಿ ಸಲ್ಲಿಸುವುದೆಂದು ವೈಭವ ನಿಶ್ಚಯಿಸಿದರು. ನಿರೀಕ್ಷಕರ ಮಾತು ಜಗಲಿಯ ಬೆಂಚಿನ ಮೇಲೆ ಕೂತಿದ್ದ ಅಂದಾನಪ್ಪನಿಗೂ ಕೇಳಿಸಿತ್ತು. ಅವನಿಗೆ ಮರುದಿನವೇ ಜಾಮೀನು ಸಿಕ್ಕಿದ್ದರೂ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು ಅಲ್ಲಿ ಕೂರುತ್ತಿದ್ದ. ಯಾರೂ ಕರೆದಿರಲಿಲ್ಲ. ತಿಮ್ಮಣ್ಣ ಎರಡು ದಿನ ಗದರಿಸಿದ, ಮೂರನೆಯ ದಿನ ಚಾ ಕೊಟ್ಟ. ಲೋಟ ಹಿಡಿದುಕೊಂಡೇ ಕೂತಿದ್ದ, ಕುಡಿಯಲಿಲ್ಲ.

ಫೆಬ್ರವರಿ 20, ಗುರುವಾರ, ಬೆಳಿಗ್ಗೆ 11 ಗಂಟೆ. ಅಂದಾನಪ್ಪನ ಹೆಂಡತಿ ಸಿದ್ದವ್ವ ರೊಟ್ಟಿಯ ಗಂಟಿನೊಂದಿಗೆ ಬಂದಳು. ಗಂಡನ ಪಕ್ಕದಲ್ಲಿ ಗಂಟಿಟ್ಟು, ರಕ್ಷಿತಾಳನ್ನು ನಲ್ಲಿಯ ಬಳಿಗೆ ಕರೆದಳು.

"ಮೇಡಮ್ಮಾರ, ರೊಟ್ಟಿ ತಿನ್ನವಲ್ರು. ಹಿಟ್ಟು ಕಲಸೋದು ನೋಡಿದ್ರ ಎದ್ದು ಹೊರಗ ಹೊಕ್ಕಾರ. ರಸ್ತಾದಾಗ ಬಿದ್ದ ಹಿಟ್ಟು ನೆನಪಾಕ್ಕೈತಂತ." ಅವಳು ದನಿ ತಗ್ಗಿಸಿದಳು. "ಸಾಮಾನ ಕಟ್ಟೋ ಹಗ್ಗ ಒಂದು ಮನ್ಯಾಗಿತ್ರೀ. ನಿನ್ನಿ ಅದನ್ನ ತಮ್ಮ ಚೀಲದಾಗ ಇಟಗೊಂಡಿದ್ರು. ತಗದು ಬಚ್ಚಿಟ್ಟೇನಿ. ಎಷ್ಟ ದಿನಾ ಅಂತ ಬಚ್ಚಿಡ್ಲಿ?"

ರಕ್ಷಿತಾ ಮಾತು ಕಡಿಮೆಯವಳು. ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮನೆಗೆ ಹೋಗಿ ಅಂದಾನಪ್ಪ. ಇಲ್ಲಿ ಕೂತು ಎಂತ ಆಗೂದು?"

"ಜೈಲಿಗೆ ಹಾಕ್ರಿ, ಹೊಕ್ಕೇನಿ. ನಾ ಬ್ಯಾಡ ಅನ್ನಾಂಗಿಲ್ಲ. ನಾಕೂ ಬಡಕೋತಿದ್ದುದು ಖರೇನೋ ಸುಳ್ಳೋ, ಅದೊಂದ ಹೇಳ್ರಿ. ಇಪ್ಪತ್ತೊಂದು ವರ್ಷ ಗಾಡಿ ಓಡಿಸೇನಿ. ನನ್ನ ಕಣ್ಣ ನನಗ ಸುಳ್ಳ ಹೇಳಿದ್ರ, ನಾ ಯಾರನ್ನ ನಂಬ್ಲಿ?"

"ಮತ್ತೆ ಯಾರೂ ನೋಡಿಲ್ವಾ?"

"ದೇವರು ನೋಡ್ಯಾರ್ರೀ."

ರಕ್ಷಿತಾ ಎದ್ದಳು. ಎಲ್ಲರೂ ಕಡೆಗೆ ಹೇಳುವುದು ಅದನ್ನೇ. ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಏನೋ ಒಂದು ಕಿವಿಗೆ ಸಿಕ್ಕಿಕೊಂಡಿತ್ತು. ತಿರುಗಿ ಬಂದಳು.

"ಎಂತ ಅಂದ್ರಿ ಈಗ?"

"ದೇವರು ನೋಡ್ಯಾರ ಅಂದೆ."

"ನೋಡ್ಯಾನ ಅಂತ ಅಲ್ವಾ ಹೇಳೂದು ನಿಮ್ಮ ಕಡೆ?"

ಅಂದಾನಪ್ಪ ಅವಳ ಮುಖ ನೋಡಿದ. "ಅಷ್ಟ್ ವಯಸ್ಸಾದ ಮನಿಷ್ಯಾಗ ನೋಡ್ಯಾನ ಅಂತ ಹೆಂಗನ್ಲಿ ಮೇಡಮ್ಮಾರ?"

ರಕ್ಷಿತಾ ಸಿದ್ದಾಪುರದವಳು. ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ನಮಿತಾಳ ಅಜ್ಜನ ಹೆಸರು ದೇವರು ಹೆಗಡೆ. ಹಾಜರಿ ಪುಸ್ತಕದಲ್ಲಿ ಪಾಲಕರ ಹೆಸರು ಓದುವಾಗ ಹೊಸ ಮಾಸ್ತರರೊಬ್ಬರು ತಡವರಿಸಿದ್ದು ಅವಳಿಗೆ ನೆನಪಿತ್ತು. ದೇವರಿಗೆ ಜನ 'ಅವನು' ಅನ್ನುತ್ತಾರೆ. ದೇವರು ಹೆಗಡೆಯವರಿಗೆ 'ಅವರು' ಅನ್ನಬೇಕು.

"ಅವರ ಹೆಸರೇ ದೇವರಾ?"

"ಹೌದ್ರೀ. ಬಿಳೇ ಕಾರಿನ್ಯಾಗ ಎದುರಿಂದ ಬಂದ್ರು. ಇಳದು ಅವಗ ನೀರ ಹಾಕಿದ್ರು. ನಿಮ್ಮ ಹೆಸರೇನ್ರೀ ಅಂದ್ರ ದೇವರು ಅಂದ್ರು. ನನಗೂ ಮದಲ ತಿಳೀಲಿಲ್ಲ, ಎರಡ ಸಲ ಕೇಳಿದೆ. ವಾನಳ್ಳಿಯವ್ರಂತ. ಕಾರಿನ್ಯಾಗ ಅವರ ಮನಿಯವರಿಗೆ ಕಣ್ಣಿಗೆ ಹಸರ ಅರಬಿ ಕಟ್ಟಿತ್ತು."

"ಸಾಹೇಬರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ನೆಲ್ರೀ! ದೇವರು ನೋಡ್ಯಾರ ಸಾಹೇಬ್ರ ಅಂದೆ. 'ದೇವರನ್ನ ಯಾಕಯ್ಯ ಎಳೀತಿಯಾ ಇದಕ್ಕೆ, ಬಾಯಿ ಮುಚ್ಚು' ಅಂದ್ರು. ಮುಚ್ಚಿದೆ."

ರಕ್ಷಿತಾ ಒಳಗೆ ಹೋಗಿ ವಿಷಯ ತಿಳಿಸಿದಾಗ ವೈಭವ ಪೆನ್ನು ಕೆಳಗಿಟ್ಟರು.

"ದೇವರು ಅಂತ ಹೆಸರಿಡ್ತಾರೇನ್ರೀ?"

"ಈ ಕಡೆ ಇಡ್ತಾರೆ ಸರ್."

ಅವರು ಮೊದಲ ದಿನದ ಹೇಳಿಕೆಯನ್ನು ತೆಗೆದು ನೋಡಿದರು. ಅವರದೇ ಕೈಬರಹ: 'ಸದರಿ ಚಾಲಕನು ದೇವರ ಮೇಲೆ ಆಣೆ ಮಾಡಿ ಹೇಳಿರುತ್ತಾನೆ.' ಕಡತ ಮುಚ್ಚಿ, "ಹುಡುಕಿ" ಎಂದರು.

ವಾನಳ್ಳಿಯ ಸೊಸೈಟಿಗೆ ಫೋನು ಮಾಡಿದರೆ ಗುಮಾಸ್ತ, "ಯಾವ ದೇವರು ಮೇಡಂ? ನಮ್ಮಲ್ಲಿ ಇಬ್ರಿದ್ದಾರೆ. ಒಬ್ರು ಹಾಸಿಗೆ ಹಿಡಿದಿದ್ದಾರೆ" ಎಂದ.

"ಹೆಂಡತಿಗೆ ಕಣ್ಣಿನ ಆಪರೇಶನ್ ಆದವರು."

"ಹಾಂ, ಸೀತಮ್ಮನವರದ್ದು. ಹಂಗಾರೆ ಮೇಲಿನಮನೆ ದೇವರು. ಮನೆಯಲ್ಲೇ ಸಿಗ್ತಾರೆ, ಹೋಗಿ."

ಫೆಬ್ರವರಿ 21, ಶುಕ್ರವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ದೇವರು ಹೆಗಡೆಯವರಿಗೆ ಎಪ್ಪತ್ತು ದಾಟಿತ್ತು. ಒಂದು ಕೈಯಲ್ಲಿ ಕಣ್ಣಿನ ಔಷಧದ ಬಾಟಲಿ, ಇನ್ನೊಂದು ಕೈಯಲ್ಲಿ ಅಲಾರಾಂ ಗಡಿಯಾರ ಹಿಡಿದು ಜಗುಲಿಗೆ ಬಂದರು. ಎರಡು ತಾಸಿಗೊಮ್ಮೆ ಹೆಂಡತಿಯ ಕಣ್ಣಿಗೆ ಹನಿ ಹಾಕಬೇಕಿತ್ತು.

"ಸೀತೂ, ಪೊಲೀಸಿನವು ಬೈಂದ" ಎಂದು ಒಳಗೆ ಕೂಗಿದರು.

"ಎಂತ ಮಾಡಿಕ್ಯಂಡ್ರಿ?" ಎಂದು ಒಳಗಿನಿಂದ ದನಿ ಬಂತು.

"ಆನು ಎಂತದೂ ಮಾಡಿದ್ನಿಲ್ಲೆ ಮಾರಾಯ್ತಿ." ಅವರು ಕುರ್ಚಿ ಎಳೆದು ಕೊಟ್ಟರು. "ಹತ್ತು ದಿನ ಆತು. ಕರೆದರೆ ಬರೋಣ ಅಂತ ಕಾಯ್ತಾ ಇದ್ದೆ. ಯಾರೂ ಕರೆಯಲೇ ಇಲ್ಲ."

"ನೀವು ಕಂಡದ್ದು ಹೇಳಿ" ಎಂದರು ವೈಭವ. ರಕ್ಷಿತಾ ಬರೆಯತೊಡಗಿದಳು.

"ಹುಬ್ಬಳ್ಳಿಯಿಂದ ಬರ್ತಾ ಇದ್ದೆವು. ಕ್ರಾಸಿನಲ್ಲಿ ಬೈಕು ಎದುರಿಗೆ ಬಂತು. ಮುಂದಿನ ಎರಡೂ ಬದಿ ದೀಪ ಮಿಣುಕ್ತಾ ಇತ್ತು."

"ಎರಡೂ?"

"ಎರಡೂ. ಬಿಳಿ ಹಗಲಲ್ಲೂ ಕಣ್ಣಿಗೆ ಚುಚ್ಚೋ ಹಂಗೆ. ಸೀದಾ ಬರ್ತಾನೆ ಅಂತ ನಾನೂ ತಿಳ್ಕಂಡೆ, ಬ್ರೇಕ್ ಒತ್ತಲಿಲ್ಲ. ನೋಡ್ತೇನೆ, ಬಲಕ್ಕೆ ಬಂದೇ ಬಿಟ್ಟ. ನನ್ನ ಕಾರು ಎರಡು ಮಾರು ದೂರ ಇತ್ತು, ವ್ಯಾನು ಹತ್ತಿರ ಇತ್ತು. ಅಷ್ಟೇ ವ್ಯತ್ಯಾಸ ನೋಡಿ. ಇಲ್ಲದಿದ್ರೆ ಆ ವ್ಯಾನಿನವನ ಜಾಗದಲ್ಲಿ ನಾನಿರಬೇಕಿತ್ತು."

"ಕೈ ತೋರಿಸಲಿಲ್ವಾ ಅವನು?"

"ಎಲ್ಲಿಂದ ತೋರಿಸ್ತಾನೆ? ಟ್ಯಾಂಕಿನ ಮೇಲೆ ಡಬ್ಬ ಇತ್ತು, ಎಡಗೈಯಲ್ಲಿ ಅದನ್ನ ತಬ್ಬಿದ್ದ."

ವಾಪಸು ಬರುವಾಗ ಜೀಪು ಹುಲೇಕಲ್ ದಾಟಿತು. ಇಬ್ಬರು ಎರಡು ಬದಿಯಿಂದ ಕಂಡದ್ದು ಒಂದೇ. ಹಾಗಾದರೆ ಚಪ್ಪರದಲ್ಲಿ ನಿಂತ ಬೈಕು ಸುಳ್ಳು ಹೇಳುತ್ತಿದೆ.

"ಸರ್, ಬೈಕಿನ ಹಿಂದಿನ ಇಂಡಿಕೇಟರಿನ ಗಾಜು ಎಂತ ಬಣ್ಣ?" ಎಂದು ರಕ್ಷಿತಾ ಕೇಳಿದಳು.

"ಕೇಸರಿ. ಯಾಕೆ?"

"ಹಿಟ್ಟನ್ನೆಲ್ಲ ಕೈಯಲ್ಲೇ ಆಡಿಸಿದ್ದೆ ಸರ್. ಕೇಸರಿ ಚೂರು ಒಂದೂ ಇರಲಿಲ್ಲ. ಬಿಳಿ ಹಿಟ್ಟಲ್ಲಿ ಇದ್ದಿದ್ದು ಕಪ್ಪು ಚೂರು."

ಮಧ್ಯಾಹ್ನ 1 ಗಂಟೆ 15ಕ್ಕೆ ಪಂಚರನ್ನು ಕರೆಸಿ ಲಕೋಟೆ ತೆರೆದರು. ಕಪ್ಪು ತುಂಡನ್ನು ಬೈಕಿನ ಒಡೆದ ಇಂಡಿಕೇಟರಿಗೆ ಹಿಡಿದು ನೋಡಿದರೆ ಎಲ್ಲಿಯೂ ಕೂಡಲಿಲ್ಲ. ಸ್ಥಳದಲ್ಲಿ ತೆಗೆದ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ, ಬಿದ್ದ ಬೈಕಿನ ಹ್ಯಾಂಡಲಿನ ಬುಡದಲ್ಲಿ ಬಾಣದ ತುದಿಯಂಥ ತೆಳು ಕಪ್ಪು ಇಂಡಿಕೇಟರು ಕಾಣಿಸಿತು. ಕಂಪನಿಯದಲ್ಲ, ಆಮೇಲೆ ಹಾಕಿಸಿದ ಎಲ್‌ಇಡಿ. ಈಗ ಆ ಜಾಗದಲ್ಲಿ ಗುಂಡನೆಯ ಕೇಸರಿ ಬಲ್ಬು ಇತ್ತು. ಶಿರಸಿಯಿಂದ ಕರೆಸಿದ ಮೆಕ್ಯಾನಿಕ್ ಸೀಟಿನ ಕೆಳಗೆ ಕೈ ಹಾಕಿ ಒಂದು ಪುಟ್ಟ ಡಬ್ಬಿ ಎಳೆದ. "ದೀಪ ಮಿಣುಕಿಸೋ ರಿಲೇ ಇದು. ಎಲ್‌ಇಡಿಗೆ ಅಂತಲೇ ಬರೋದು. ಬಲ್ಬು ವಾಪಸ್ ಹಾಕಿದವ್ರು ಇದನ್ನ ಮರ್ತಿದ್ದಾರೆ."

"ಈ ಚಪ್ಪರಕ್ಕೆ ಯಾರು ಬಂದಿದ್ರು?" ವೈಭವರ ದನಿ ಏರಿತು.

ರಕ್ಷಿತಾಳ ಕಣ್ಣಿಗೆ ಭಾನುವಾರದ ಬೆಳಿಗ್ಗೆ ಕಟ್ಟಿತು. ಹದಿನಾರನೇ ತಾರೀಕು, ಅವಳದೇ ಪಹರೆ. ಇಲಾಖೆಯ ಬೈಕಿನ ಚೈನು ಬಿಗಿ ಮಾಡಲು ಕಿರಣ ಬಂದಿದ್ದ. ಭಾವ ತೀರಿ ಐದು ದಿನವೂ ಆಗಿಲ್ಲ, ಇವತ್ತು ಯಾಕೆ ಬಂದೆ ಎಂದು ಅವಳು ಕೇಳಿದ್ದಳು. ಮನೆಯಲ್ಲಿ ಕೂರೂಕೆ ಆಗೂದಿಲ್ಲ ಮೇಡಂ ಎಂದಿದ್ದ. ಅವನು ಎರಡು ಬೈಕುಗಳ ನಡುವೆ ಕುಕ್ಕುರುಗಾಲಲ್ಲಿ ಕೂತಿದ್ದ. ಯಾವ ಬೈಕಿನ ಕಡೆಗೆ ಮುಖ ಎಂದು ಅವಳು ನೋಡಿರಲಿಲ್ಲ. ಎಲ್ಲವನ್ನೂ ನೋಡುವವಳು ಅದನ್ನು ನೋಡಿರಲಿಲ್ಲ.

"ಕಿರಣ, ಸರ್. ನನ್ನೆದುರಿಗೇ. ನಾನೇ ಚಾ ಕೊಟ್ಟಿದ್ದೆ."

ಫೆಬ್ರವರಿ 22, ಶನಿವಾರ, ಬೆಳಿಗ್ಗೆ 9 ಗಂಟೆ 30 ನಿಮಿಷ. ಗ್ಯಾರೇಜಿನ ಮುಂದೆ ಜೀಪು ನಿಂತಾಗ ಕಿರಣ ಯಾವುದೋ ಸ್ಕೂಟರಿನ ಗಾಲಿ ಕಳಚುತ್ತಿದ್ದ. ಪೊಲೀಸರ ಹಿಂದೆ ಇಬ್ಬರು ಪಂಚರನ್ನು ಕಂಡು ಸ್ಪಾನರನ್ನು ನಿಧಾನವಾಗಿ ಕೆಳಗಿಟ್ಟ. ಇಪ್ಪತ್ತನಾಲ್ಕರ ಹುಡುಗ, ಹತ್ತು ದಿನದಲ್ಲಿ ಅರ್ಧಕ್ಕೆ ಇಳಿದಿದ್ದ.

"ಬಿಚ್ಚಿದ ಇಂಡಿಕೇಟರ್ ಎಲ್ಲಿ?" ಎಂದರು ವೈಭವ.

ಅವನು ಇಲ್ಲವೆನ್ನಲಿಲ್ಲ. ಹಳೆಯ ನಾಲ್ಕನ್ನೂ ವಾಪಸು ಹಾಕಿ, ಒಂದರ ಗಾಜು ನಾನೇ ಒಡೆದಿದ್ದೆ ಎಂದ. ಮೂಲೆಯ ಹಳೆ ಟಯರುಗಳ ಅಡಿಯಿಂದ ಬಟ್ಟೆಯಲ್ಲಿ ಸುತ್ತಿದ ಗಂಟು ತೆಗೆದುಕೊಟ್ಟ. ಮೂರು ಇಡೀ, ಒಂದು ಒಡೆದದ್ದು. ಲಕೋಟೆಯ ತುಂಡು ಒಡೆದದ್ದಕ್ಕೆ ಸರಿಯಾಗಿ ಕೂತಿತು. ಸಂದಿಯಲ್ಲಿ ಇನ್ನೂ ಬಿಳಿ ಹಿಟ್ಟು ಅಂಟಿಕೊಂಡಿತ್ತು.

"ಯಾವತ್ತು ಹಾಕ್ದೆ ಇದನ್ನ?"

"ಒಂಬತ್ತನೇ ತಾರೀಕು."

"ನಾಲ್ಕೂ ಒಟ್ಟಿಗೆ ಹತ್ತೋದು ಗೊತ್ತಿತ್ತಾ?"

"ಹಾಕಿದ ತಕ್ಷಣ ಗೊತ್ತಾಯ್ತು." ಅವನು ನೆಲದ ಮೇಲೆ ಬೆರಳಿಂದ ಗೆರೆ ಎಳೆದ. "ಆ ಗಾಡಿ ಮೀಟರಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಸಣ್ಣ ಬಲ್ಬು ಇರೂದು ಸರ್. ಬಲಕ್ಕೆ ಹಾಕಿದ ಕರೆಂಟು ಅದರೊಳಗಿಂದ ಎಡಕ್ಕೂ ಸ್ವಲ್ಪ ನುಗ್ತದೆ. ಹಳೇ ಬಲ್ಬಿಗೆ ಅಷ್ಟು ಸಾಲೂದಿಲ್ಲ, ಹತ್ತೂದಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಕರೆಂಟನ್ನ ಒಂದೇ ದಿಕ್ಕಿಗೆ ಬಿಡೂ ಡಯೋಡ್ ಎರಡು ಹಾಕಿದ್ರೆ ನಿಲ್ತದೆ. ನನ್ನ ಹತ್ರ ಇರಲಿಲ್ಲ, ಹುಬ್ಬಳ್ಳಿಯಿಂದ ಕಳಿಸೂಕೆ ಹೇಳಿದ್ದೆ."

"ಆವರೆಗೆ?"

"ಮೀಟರಿನ ಬಲ್ಬೇ ಕಿತ್ತುಬಿಡ್ತೆ ಅಂದೆ. ಅದು ಕಿತ್ತಿದ್ರೂ ಸಾಕಿತ್ತು. 'ಬೇಡ ಮಾರಾಯ, ಅದು ಕಾಣದಿದ್ರೆ ಆಫ್ ಮಾಡೂಕೆ ಮರೀತೆ' ಅಂದ ಭಾವ. ಹಂಗಾರೆ ಎರಡು ದಿನ ಕೈ ತೋರಿಸು ಅಂದೆ. 'ಆಯ್ತೋ ಮೇಸ್ತ್ರಿ' ಅಂತ ತಮಾಷೆ ಮಾಡಿ ಹೋದ. ಎರಡೇ ದಿನ ಸರ್."

ಗೋಡೆಯ ಗೂಡಿನಲ್ಲಿ ಒಂದು ಕೊರಿಯರ್ ಲಕೋಟೆ ಇತ್ತು. ಒಡೆದಿರಲಿಲ್ಲ. ಮುಟ್ಟಿದ ತಾರೀಕು ಫೆಬ್ರವರಿ 12. ಪಂಚರ ಮುಂದೆ ಒಡೆದಾಗ ಗೋಧಿ ಕಾಳಿನಷ್ಟು ದೊಡ್ಡ ಎರಡು ಡಯೋಡು ರಕ್ಷಿತಾಳ ಅಂಗೈಗೆ ಬಿದ್ದವು. ಅವಳು ಪಂಚನಾಮೆಯಲ್ಲಿ ಈ ಸಲ ಹೆಸರು ಹಿಡಿದೇ ಬರೆದಳು.

"ಯಾರು ಹಾಕು ಅಂದದ್ದು ಈ ದೀಪ?" ಎಂದು ವೈಭವ ಕೇಳಿದರು.

ಕಿರಣ ಮೊದಲ ಸಲ ತಲೆಯೆತ್ತಿದ. "ಯಾರೂ ಇಲ್ಲ. ನಾನೇ."

"ಅಂದಾನಪ್ಪ ಅಲ್ಲಿ ಬೆಂಚಿನ ಮೇಲೆ ಸಾಯ್ತಾ ಕೂತಿದ್ದ. ಭಾನುವಾರ ಬಂದಾಗ ನೀನು ಅವನ ಮುಂದೆಯೇ ದಾಟಿ ಹೋದೆಯಲ್ಲೋ."

"ದಾಟಿ ಹೋದೆ. ಮುಖ ನೋಡಲಿಲ್ಲ."

ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಸಾಕ್ಷ್ಯನಾಶದ ಆರೋಪದ ಮೇಲೆ ಕಿರಣ ನಾಯ್ಕನನ್ನು ಬಂಧಿಸಲಾಯಿತು. ಅವನು ಠಾಣೆಯ ಮೆಟ್ಟಿಲು ಹತ್ತುವಾಗ ತಿಮ್ಮಣ್ಣ ಮುಖ ಬೇರೆ ಕಡೆಗೆ ಮಾಡಿದ.

ಬೆಂಚಿನ ಬಳಿ ವೈಭವ ತಾವೇ ಹೋದರು. "ಅಂದಾನಪ್ಪ, ನೀನು ನೋಡಿದ್ದು ನಿಜ. ನಾಲ್ಕೂ ಮಿಣುಕ್ತಾ ಇತ್ತು. ಹೆಗಡೆಯವರೂ ಹೇಳಿದ್ದಾರೆ. ಕ್ರಾಸಲ್ಲಿ ಓವರ್‌ಟೇಕ್ ಮಾಡಿದ್ದು ತಪ್ಪು, ಅದನ್ನ ಕೋರ್ಟು ನೋಡುತ್ತೆ. ಆದ್ರೆ ಸುಳ್ಳು ಹೇಳಿದೆ ಅಂತ ನಾನು ಬರೆಯೋದಿಲ್ಲ. ಅವತ್ತು ನಿನ್ನ ಮಾತು ನಾನು ಕೇಳಬೇಕಿತ್ತು."

ಅಂದಾನಪ್ಪ ಕೂತಲ್ಲೇ ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡ. ಅವತ್ತೂ ಜೊತೆಗೆ ಬಂದಿದ್ದ ಸಿದ್ದವ್ವ ಗಂಟು ಬಿಚ್ಚಿ ರೊಟ್ಟಿ ಮುರಿದು ಅವನ ಕೈಗಿಟ್ಟಳು. ತಿನ್ನಲಿಲ್ಲ, ಆದರೆ ಕೆಳಗೂ ಇಡಲಿಲ್ಲ. "ಸತ್ತಾಂವ ಸತ್ತಽ ಹ್ವಾದ್ನಲ್ಲ" ಎಂದ. ಆಮೇಲೆ ಇಬ್ಬರೂ ಎದ್ದು ಬಸ್ಸಿಗೆ ಹೋದರು.

ಸಂಜೆ, ವಶಪಡಿಸಿಕೊಂಡ ಕಿರಣನ ಫೋನನ್ನು ನೋಡುವಾಗ ಫೆಬ್ರವರಿ 3ರ ಧ್ವನಿ ಸಂದೇಶವೊಂದು ಸಿಕ್ಕಿತು. ವೈಭವ ಮತ್ತು ರಕ್ಷಿತಾ ಇಬ್ಬರೂ ಕೇಳಿದರು. ಹೆಂಗಸಿನ ದನಿ, ಹಿಂದೆ ಒಗ್ಗರಣೆಯ ಸಪ್ಪಳ.

'ಕಿರಣಾ, ನಿನ್ ಭಾವನ ಗಾಡಿ ಇಂಡಿಕೇಟರ್ ಎಂತಕ್ಕೂ ಬರೂದಿಲ್ವೋ, ಮಿಣಿ ಮಿಣಿ ಅಂತದೆ. ಮಬ್ಬಿಗೆ ಬರ್ತಾರೆ, ನನಗೆ ಹೆದರಿಕೆ. ಹೊಸ ನಮೂನೆದು ಬರ್ತದಲ್ಲ, ಫಳ್ ಅಂತ ಹತ್ತೂದು, ಅದು ಹಾಕಿ ಕೊಡು. ಹಿಂದಿನವ್ರಿಗೆ ದೂರದಿಂದ್ಲೇ ಕಾಣ್ಲಿ. ಹಾಕದಿದ್ರೆ ಹೋಳಿಗೆ ಇಲ್ಲ ನೋಡು.'

ರಕ್ಷಿತಾ ಅದನ್ನು ಎರಡನೆಯ ಸಲ ಹಾಕಲಿಲ್ಲ. 'ಸಿಗ್ನಲ್ ಹಾಕಿಯೇ ತಿರುಗಿದ್ದ' ಎಂದು ಬರೆದುಕೊಳ್ಳಿ ಎಂದು ಮೊದಲ ದಿನ ಅವನು ಒತ್ತಿ ಹೇಳಿದ್ದು ಯಾರಿಗಾಗಿ ಎಂದು ಈಗ ಅವಳಿಗೆ ತಿಳಿಯಿತು. ಕೇಸಿಗೆ ಹೆದರಿ ಅವನು ದೀಪ ಬದಲಿಸಿರಲಿಲ್ಲ. ಬೈಕು ಒಂದು ದಿನ ಮನೆಗೆ ವಾಪಸು ಬರುತ್ತದೆ. ಅಕ್ಕ ಅದರ ಸ್ವಿಚ್ಚು ಒತ್ತಿ ನೋಡುತ್ತಾಳೆ. ಆಗ ನಾಲ್ಕೂ ಹತ್ತಬಾರದಿತ್ತು.

"ಯಾರು ಹಾಕು ಅಂದದ್ದು ಅಂತ ಕೇಳಿದ್ದಕ್ಕೆ ಅವನು ಏನಂದ ಅಂತ ಬರ್ಕೊಂಡಿದ್ದೀರಿ?" ಎಂದು ವೈಭವ ಕೇಳಿದರು.

"ನಾನೇ ಅಂದ ಸರ್."

"ಅವನು ಹೇಳಿದ್ದನ್ನ ಹಾಗೇ ಇರಿಸಿ. ಫೋನು ಸೀಲ್ ಮಾಡಿ ಕೋರ್ಟಿಗೆ ಕಳಿಸಿ. ಅಲ್ಲಿ ಯಾರಾದ್ರೂ ಕೇಳಿದ್ರೆ ಕೇಳಲಿ."

ಫೆಬ್ರವರಿ 23, ಭಾನುವಾರ, ಬೆಳಿಗ್ಗೆ 8 ಗಂಟೆ. ತಮ್ಮನಿಗೆ ಬಟ್ಟೆ ಕೊಡಲೆಂದು ದಿವ್ಯಾ ಬಂದಳು. ಜೊತೆಗೆ ಅತ್ತೆ ಮಂಜಿ. ಮುದುಕಿ ಮೆಟ್ಟಿಲ ಮೇಲೆಯೇ ಕೂತಳು. ದಿವ್ಯಾ ಬಟ್ಟೆಯ ಚೀಲವನ್ನು ಮೇಜಿನ ಮೇಲಿಟ್ಟು, ಹೋಗದೆ ನಿಂತಳು.

"ಕಿರಣ ಎಂತ ಮಾಡಿದ್ನೋ ನನಗೆ ತಿಳಿಯೂದಿಲ್ಲ ಅಕ್ಕಾ. ಕೇಳೂಕೂ ಧೈರ್ಯ ಇಲ್ಲ. ಒಂದು ಹೇಳಿ. ಅವರು ಸಿಗ್ನಲ್ ಹಾಕಿದ್ರಾ?"

"ಹಾಕಿದ್ರು."

"ಬಲಕ್ಕೇ?"

"ಬಲಕ್ಕೇ ಹಾಕಿದ್ರು."

ದಿವ್ಯಾ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ತನಕ ಹೋದಳು. ಅಲ್ಲಿ ಅತ್ತೆಯನ್ನು ಎಬ್ಬಿಸಲು ಬಗ್ಗಿದವಳು ಹಾಗೆಯೇ ತಿರುಗಿ ನೋಡಿದಳು.

"ಮತ್ತೆ ಹಿಂದಿನವನಿಗೆ ಕಾಣಲಿಲ್ವಾ? ಹೊಸಾ ದೀಪ ಆಗಿತ್ತಲ್ಲ."

ರಕ್ಷಿತಾ ಬಟ್ಟೆಯ ಚೀಲ ಎತ್ತಿಕೊಂಡು, ಅದರಲ್ಲಿರುವುದನ್ನು ಒಂದೊಂದಾಗಿ ಪುಸ್ತಕದಲ್ಲಿ ಬರೆಯತೊಡಗಿದಳು. ಅಂಗಿ, ಎರಡು. ಲುಂಗಿ, ಒಂದು. ಟವೆಲು, ಒಂದು. ಬರೆದು ಮುಗಿಸಿ ತಲೆಯೆತ್ತುವಾಗ ದಿವ್ಯಾ ಇನ್ನೂ ಬಾಗಿಲಲ್ಲೇ ನಿಂತಿದ್ದಳು.